ಹಳೆ ಪೈಲಟ್ ಗೊಂಬೆ ಸಿಕ್ಕರೆ ಮೊದಲು ತಲೆಕೆಳಗೆ ಮಾಡಿ

ಎರಡನೇ ಮಹಾಯುದ್ಧದ ಕಾಲದ ಪೈಲಟ್ ಗೊಂಬೆ ಕೈಗೆ ಸಿಕ್ಕಿದ ತಕ್ಷಣ ಎಲ್ಲರೂ ಮುಖ ನೋಡುತ್ತಾರೆ. ಮೀಸೆ ಇದೆಯಾ, ಹಾರಾಟದ ಕನ್ನಡಕ ಇದೆಯಾ, ಯಾವ ದೇಶದವನು ಅಂತ. ನಾನು ತಿರುಗಿಸಿ ಬುಡ ನೋಡುತ್ತೇನೆ. ಮುಖಕ್ಕೆ ಯಾರು ಬೇಕಾದರೂ ಹೊಸ ಬಣ್ಣ ಬಳಿಯಬಹುದು. ಬುಡದ ಕಡೆ ತಲೆ ಕೆಡಿಸಿಕೊಳ್ಳುವವರು ಕಡಿಮೆ.

ನನ್ನ ಊರು ಹಾಸನ. ಈಗ ಇರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ ಹುಟ್ಟಿದ್ದು ಇಲ್ಲೇ, ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ. ಅದಕ್ಕೋ ಏನೋ, ಭಾನುವಾರ ಮೈದಾನದಲ್ಲಿ ಕಾರಿನ ಡಿಕ್ಕಿ ತೆಗೆದು ಹಳೆ ಸಾಮಾನು ಮಾರುವ ಸಂತೆಗಳಲ್ಲಿ ಪೈಲಟ್‌ಗಳು ಆಗಾಗ ಸಿಗುತ್ತಾರೆ. ಬಿಸ್ಕತ್ತಿನ ಡಬ್ಬಿಯ ತಳದಲ್ಲಿ, ಮುರಿದ ಹಸು ಕುರಿಗಳ ಜೊತೆ. ಮಾರುವವರು ಎಲ್ಲದಕ್ಕೂ 'ಯುದ್ಧದ ಕಾಲದ್ದು' ಅಂತಲೇ ಹೇಳುತ್ತಾರೆ. ಆ ಮಾತನ್ನು ಅಲ್ಲೇ ಎರಡು ಪ್ರಶ್ನೆ ಮಾಡಿಕೊಳ್ಳಿ. ಗೊಂಬೆ ತೋರಿಸುವ ಪೈಲಟ್ ಯಾರು? ಗೊಂಬೆ ತಯಾರಾಗಿದ್ದು ಯಾವಾಗ? 1940ರ ಪೈಲಟ್‌ನ ಗೊಂಬೆಯನ್ನು 1970ರಲ್ಲಿ ಹಾಂಗ್‌ಕಾಂಗ್‌ನಲ್ಲೂ ಮಾಡಬಹುದು, ಅಲ್ವಾ? ಯೂನಿಫಾರಂ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಲೋಹ, ಅಚ್ಚು, ಬುಡದ ಅಕ್ಷರ ನೋಡಬೇಕು.

ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಬಟ್ಟೆ ಸುತ್ತಿದ ಜೋರಾದ ಅಯಸ್ಕಾಂತ, ಸ್ಟೀಲ್ ಸ್ಕೇಲ್ ಇದ್ದರೆ ಸಾಕು. ಉಜ್ಜುವುದು, ಕೆರೆಯುವುದು, ಬಿಸಿ ಸೂಜಿ ಚುಚ್ಚುವುದು ಯಾವುದೂ ಬೇಡ.

ಮೊದಲು ತೂಕ. ಬ್ರಿಟನ್ನಿನ ಹಳೆ ಗೊಂಬೆಗಳಲ್ಲಿ ಹೆಚ್ಚಿನವು ಟೊಳ್ಳು ಸೀಸದವು. ಸೀಸ, ತವರ, ಆಂಟಿಮನಿ ಸೇರಿಸಿ ಕರಗಿಸಿ ಲೋಹದ ಅಚ್ಚಿಗೆ ಹೊಯ್ಯುತ್ತಿದ್ದರು. ಅಚ್ಚಿಗೆ ತಾಗಿದ ಪದರ ತಕ್ಷಣ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ದ್ರವವಾಗಿರುವುದನ್ನು ವಾಪಸ್ ಸುರಿದುಬಿಡುತ್ತಿದ್ದರು. ಬ್ರಿಟನ್ಸ್ ಅನ್ನುವ ಗೊಂಬೆ ಕಂಪನಿಯ ವಿಲಿಯಂ ಬ್ರಿಟನ್ ಜೂನಿಯರ್ 1893ರಲ್ಲಿ ಈ ವಿಧಾನ ತಂದ. ಸೀಸ ಉಳಿಯಿತು, ಬೆಲೆ ಇಳಿಯಿತು. ಅದುವರೆಗೆ ಮಾರುಕಟ್ಟೆ ಆಳುತ್ತಿದ್ದ ಜರ್ಮನಿಯ ಗಟ್ಟಿ ಸೀಸದ ಗೊಂಬೆಗಳಿಗೆ ಪೆಟ್ಟು ಬಿತ್ತು. ನಮಗೆ ಇದರಿಂದ ಸಿಗುವ ಸುಳಿವು ಒಂದು ಸಣ್ಣ ತೂತು. ತಲೆಯ ಮೇಲೋ ಬುಡದ ಹತ್ತಿರವೋ ಇರುತ್ತದೆ. ಟಾರ್ಚ್ ಹಿಡಿದರೆ ಕಾಣುತ್ತದೆ. ನೋಡಲು ಹಳೆಯ ಬ್ರಿಟಿಷ್ ಗೊಂಬೆಯ ಹಾಗೇ ಇದ್ದು, ಎಲ್ಲೂ ತೂತಿಲ್ಲದೆ, ಕೈಗೆ ಕಲ್ಲಿನ ಹಾಗೆ ಭಾರ ಅನಿಸಿದರೆ ಅನುಮಾನ ಪಡಿ. ಮನೆಯಲ್ಲಿ ರಬ್ಬರ್ ಅಚ್ಚಿನಲ್ಲಿ ನಕಲು ಎರೆಯುವವರು ಸಾಮಾನ್ಯವಾಗಿ ಗಟ್ಟಿಯಾಗಿಯೇ ಎರೆಯುತ್ತಾರೆ. ಟೊಳ್ಳು ಎರಕಕ್ಕೆ ಒಳ್ಳೆಯ ಲೋಹದ ಅಚ್ಚೂ ಪಳಗಿದ ಕೈಯೂ ಬೇಕು.

ತೀರಾ ಹಗುರ, ಆದರೆ ಲೋಹವೇ? ಅಲ್ಯೂಮಿನಿಯಂ ಇರಬಹುದು. ಫ್ರಾನ್ಸಿನ ಕ್ವಿರಾಲು ಕಂಪನಿ ಅದರಲ್ಲೇ ಮಾಡುತ್ತಿತ್ತು. ಲೋಹವೇ ಅಲ್ಲ, ಹಳೆ ದಸರಾ ಗೊಂಬೆಯ ಹಾಗೆ ಒಣ ಒಣ, ಮೈಮೇಲೆ ಸೀಳು? ಹಾಗಿದ್ದರೆ ಅದು ಬಹುಶಃ ಜರ್ಮನಿಯದು. ಮರದ ಪುಡಿ, ಅಂಟು, ಬಿಳಿಮಣ್ಣು ಕಲಸಿ ತಂತಿಯ ಸುತ್ತ ಒತ್ತಿ ಮಾಡಿದ್ದು. ಅಯಸ್ಕಾಂತವನ್ನು ಕಾಲಿನ ಹತ್ತಿರ ತನ್ನಿ. ಒಳಗಿನ ಕಬ್ಬಿಣದ ತಂತಿ ಎಳೆಯುತ್ತದೆ. ಸೀಸವನ್ನು ಎಳೆಯುವುದಿಲ್ಲ. ಆ ಸೀಳುಗಳಿಗೂ ತಂತಿಯೇ ಕಾರಣ. ತೇವಕ್ಕೆ ತುಕ್ಕು ಹಿಡಿದು ಉಬ್ಬುತ್ತದೆ, ಮೈ ಬಿರಿಯುತ್ತದೆ. ಇಂಥವುಗಳ ಬುಡದಲ್ಲಿ ಎಲಾಸ್ಟೋಲಿನ್ ಅಥವಾ ಲಿನಿಯೋಲ್ ಅಂತ ಬ್ರಾಂಡಿನ ಹೆಸರು ಒತ್ತಿರುತ್ತದೆ. ಎತ್ತರ ಸಾಮಾನ್ಯವಾಗಿ 7 ಸೆಂ.ಮೀ. ಆಸುಪಾಸು. ಬ್ರಿಟನ್ಸ್ ಕಂಪನಿಯ ಅಳತೆ 54 ಮಿ.ಮೀ. ಅದಕ್ಕೇ ಸ್ಕೇಲ್ ಬೇಕು ಅಂದಿದ್ದು.

ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಬಾಗುವ ಪ್ಲಾಸ್ಟಿಕ್ಕಿನ ಪೈಲಟ್‌ಗಳ ಗುಂಪು ಸಿಕ್ಕರೆ ಏರ್‌ಫಿಕ್ಸ್ ಕಂಪನಿಯದು ಇರಬಹುದು. ಆರ್‌ಎಎಫ್, ಅಂದರೆ ಬ್ರಿಟನ್ನಿನ ವಾಯುಪಡೆಯ ಸಿಬ್ಬಂದಿಯ ಆ ಸೆಟ್ಟು 1960ರ ದಶಕದ ಕೊನೆಯದು. ಬಾಗಿಸಿ ನೋಡಲು ಹೋಗಬೇಡಿ. ಹಳೆಯದಾದಂತೆ ಆ ಪ್ಲಾಸ್ಟಿಕ್ ಪಟಕ್ಕನೆ ಮುರಿಯುತ್ತದೆ.

ಈಗ ಬುಡದ ಅಕ್ಷರ. ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬ್ರಿಟನ್ಸ್ ಆದರೆ ಕಂಪನಿಯ ಹೆಸರು, 'ಮೇಡ್ ಇನ್ ಇಂಗ್ಲೆಂಡ್' ಇರುತ್ತದೆ. 'ಜೋಹಿಲ್ಕೋ' ಅಂದರೆ ಜಾನ್ ಹಿಲ್ ಕಂಪನಿ. ಕ್ರೆಸೆಂಟ್, ಚಾರ್‌ಬೆನ್ಸ್, ಚೆರಿಲಿಯಾ ಕೂಡ ಇಂಗ್ಲೆಂಡಿನವೇ. 'ಎಂಪೈರ್ ಮೇಡ್' ಅಂತಿದ್ದರೆ ಖುಷಿಪಡಬೇಡಿ, ಅದು ಸಾಮಾನ್ಯವಾಗಿ ಯುದ್ಧದ ನಂತರದ ಹಾಂಗ್‌ಕಾಂಗ್ ಮಾಲು. 'ಯುಎಸ್ ಝೋನ್ ಜರ್ಮನಿ' ಅಂತಿದ್ದರೆ 1945ರಲ್ಲಿ ಜರ್ಮನಿ ಸೋತು, ಹಂಚಿಹೋದ ಮೇಲಿನದು. ಹೀಗೆ ಎರಡು ಮೂರು ಪದ ಇಡೀ ಕಥೆ ಹೇಳಿಬಿಡುತ್ತವೆ.

ಅಕ್ಷರ ಇದ್ದ ಮಾತ್ರಕ್ಕೆ ನಂಬಲೂಬಾರದು. ನನ್ನ ಮೇಜಿನ ಮೇಲೆ ಒಬ್ಬ ಪೈಲಟ್ ನಿಂತಿದ್ದಾನೆ. ಕಂದು ಬಣ್ಣದ ಹಾರಾಟದ ಸೂಟು, ಚರ್ಮದ ಟೊಪ್ಪಿಗೆ. ನಕಲು ಅಂತ ಗೊತ್ತಿದ್ದೇ, ತೋರಿಸುವುದಕ್ಕೆ ಬೇಕು ಅಂತ ತಂದಿದ್ದು. ಬುಡದಲ್ಲಿ 'ಇಂಗ್ಲೆಂಡ್' ಇದೆ. ಆದರೆ ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚುಗಳು ಕರಗಿದ ಹಾಗೆ ದುಂಡಗಿವೆ. ಅಕ್ಷರಗಳ ಹೊಟ್ಟೆ ತುಂಬಿಕೊಂಡಿದೆ. ಸುತ್ತಲೂ ಸಣ್ಣ ಸಣ್ಣ ಗುಳ್ಳೆ. ಅದು ರಬ್ಬರ್ ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿಯ ಗುರುತು. ಬೆಲ್ಟಿನ ಬಕಲ್ ಇರಬೇಕಾದ ಕಡೆ ಬರೀ ಒಂದು ಉಬ್ಬು. ಅಸಲಿ ಗೊಂಬೆಯ ಪಕ್ಕ ನಿಲ್ಲಿಸಿದರೆ ಸ್ವಲ್ಪ ಕುಳ್ಳ. ಎರಕ ಆರುವಾಗ ಕುಗ್ಗುತ್ತದಲ್ಲ, ಹಾಗಾಗಿ ನಕಲು ಯಾವಾಗಲೂ ಅಸಲಿಗಿಂತ ಚಿಕ್ಕದು.

ಪೆಟ್ಟಿಗೆ ಜೊತೆಗೇ ಸಿಕ್ಕರೆ ಅದೃಷ್ಟ. ಆದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಇಸವಿ ಅಂದುಕೊಳ್ಳಬೇಡಿ. ಬ್ರಿಟನ್ಸ್ ಕಂಪನಿಯ 1894ನೇ ಸೆಟ್ಟಿನಲ್ಲಿ ಹಾರಾಟದ ಉಡುಪಿನ ಆರ್‌ಎಎಫ್ ಪೈಲಟ್‌ಗಳ ಜೊತೆ ವಾಯುಪಡೆಯ ಮಹಿಳಾ ಸಹಾಯಕ ದಳದವರೂ ಇದ್ದಾರೆ. ಆ ದಳ ಶುರುವಾಗಿದ್ದೇ 1939ರಲ್ಲಿ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಆದರೂ '1894ರ ಅಪರೂಪದ ಪೈಲಟ್' ಅಂತ ಗಂಭೀರವಾಗಿ ಮಾರಲು ಕೂತವರನ್ನು ನಾನು ಕಂಡಿದ್ದೇನೆ. ಅದು ಕ್ಯಾಟಲಾಗ್ ಸಂಖ್ಯೆ, ಅಷ್ಟೇ. ಇನ್ನೊಂದು ವಿಷಯ. ಯುದ್ಧ ಬಿಗಿಯಾದಂತೆ ಗೊಂಬೆಗೆ ಸೀಸ ಸಿಗಲಿಲ್ಲ, ಕಾರ್ಖಾನೆಗಳು ಯುದ್ಧಸಾಮಗ್ರಿಗೆ ತಿರುಗಿದವು. ಹಾಗಾಗಿ 1943ರಲ್ಲೋ 44ರಲ್ಲೋ ತಯಾರಾದ ಬ್ರಿಟಿಷ್ ಸೀಸದ ಪೈಲಟ್ ಅಂತ ಯಾರಾದರೂ ಅಂದರೆ ನಕ್ಕು ಮುಂದೆ ಹೋಗಿ. ಸಿಗುವುದು ಒಂದೋ ಅದಕ್ಕೆ ಮುಂಚಿನದು, ಇಲ್ಲ ಯುದ್ಧ ಮುಗಿದ ಮೇಲಿನದು. ಬ್ರಿಟನ್ಸ್ 1966ರಲ್ಲಿ ಸೀಸವನ್ನೇ ಕೈಬಿಟ್ಟಿತು.

ಇಷ್ಟಾದ ಮೇಲೆ ಉಡುಪು ನೋಡಿ. ನನಗೆ ಇಷ್ಟವಾದ ಭಾಗ ಇದೇ.

ಬಣ್ಣದಿಂದ ದೇಶ ಹೇಳಲು ಹೋಗಬೇಡಿ. ಆರ್‌ಎಎಫ್ ಉಡುಪೂ ಬೂದು ನೀಲಿ, ಜರ್ಮನಿಯ ವಾಯುಪಡೆ ಲುಫ್ಟ್‌ವಾಫೆಯದೂ ಬೂದು ನೀಲಿ. ಎದೆ ನೋಡಿ. ಜರ್ಮನ್ ಆದರೆ ಬಲ ಎದೆಯ ಮೇಲೆ ಹದ್ದು, ಕಾಲರಿನಲ್ಲಿ ಹಳದಿ ಪಟ್ಟಿ. ಆರ್‌ಎಎಫ್ ಆದರೆ ಎಡ ಎದೆಯ ಮೇಲೆ ರೆಕ್ಕೆ, ಬಿಚ್ಚಿದ ಕಾಲರಿನ ಕೆಳಗೆ ಶರ್ಟು, ಟೈ. ಲುಫ್ಟ್‌ವಾಫೆ ಬಹಿರಂಗವಾಗಿ ಬಂದಿದ್ದು 1935ರಲ್ಲಿ. ಅಂದರೆ ಆ ಉಡುಪಿನ ಗೊಂಬೆ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ.

ಮೈ ತುಂಬಾ ಮುಚ್ಚುವ ದೊಗಲೆ ಸೂಟಿದ್ದರೆ ಅದು ಸಿಡ್‌ಕಾಟ್. ಸಿಡ್ನಿ ಕಾಟನ್ ಅನ್ನುವ ಪೈಲಟ್ 1917ರಲ್ಲಿ ರೂಪಿಸಿದ್ದು. ಎರಡನೇ ಮಹಾಯುದ್ಧದಲ್ಲೂ ಅದರ ಸುಧಾರಿಸಿದ ರೂಪ ಬಳಕೆಯಲ್ಲಿತ್ತು. ಹಾಗಾಗಿ ಇದೊಂದರಿಂದ ಕಾಲ ಹೇಳಲು ಆಗುವುದಿಲ್ಲ. ಹೇಳಬಹುದಾದದ್ದು ಎದೆಯ ಮೇಲಿನ ಲೈಫ್ ಜಾಕೆಟ್ಟಿನಿಂದ. ಸಮುದ್ರದಲ್ಲಿ ಬಿದ್ದರೆ ತೇಲಿಸುವ ಈ ಜಾಕೆಟ್ಟನ್ನು ಪೈಲಟ್‌ಗಳು 'ಮೇ ವೆಸ್ಟ್' ಅನ್ನುತ್ತಿದ್ದರು. 1932ರ ಮಾದರಿ ಮಂಕು ಖಾಕಿ ಬಣ್ಣದ್ದು. 1940ರ ಬೇಸಿಗೆಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಾದಾಡುವಾಗ, ನೀರಿನಲ್ಲಿ ಬಿದ್ದರೆ ಬೇಗ ಕಾಣಲಿ ಅಂತ ಹಲವರು ತಾವೇ ಹಳದಿ ಬಳಿದುಕೊಂಡರು. ಹಳದಿಯಾಗಿಯೇ ತಯಾರಾಗಿ ಬಂದಿದ್ದು 1941ರ ಮಾದರಿ. ಎದೆಯ ಮೇಲೆ ಸಾಲಾಗಿ ಉರುಳೆಗಳಿದ್ದರೆ ಜರ್ಮನ್ ಜಾಕೆಟ್, ಒಳಗೆ ಬೂರುಗದ ಹತ್ತಿ.

ಬೆನ್ನ ಹಿಂದೆ, ಪೃಷ್ಠದ ಕೆಳಗೆ ನೇತಾಡುವ ದಿಂಬಿನಂಥದ್ದು ಪ್ಯಾರಾಚೂಟ್. ಆರ್‌ಎಎಫ್ ಫೈಟರ್ ಪೈಲಟ್ ಅದರ ಮೇಲೇ ಕೂರುತ್ತಿದ್ದ. ಪಟ್ಟಿಗಳು ಮಾತ್ರ ಇದ್ದು ಕಟ್ಟನ್ನು ಕೈಯಲ್ಲಿ ಹಿಡಿದಿದ್ದರೆ ಬಾಂಬರ್ ಸಿಬ್ಬಂದಿ ಇರಬಹುದು. ಅವರಲ್ಲಿ ಹೆಚ್ಚಿನವರು ಬೇಕಾದಾಗ ಎದೆಗೆ ಸಿಕ್ಕಿಸಿಕೊಳ್ಳುವ ಬಗೆಯದನ್ನು ಬಳಸುತ್ತಿದ್ದರು. ಬೂಟು ಇನ್ನೂ ಒಳ್ಳೆಯ ಸಾಕ್ಷಿ. 1943ರ ಮಾದರಿಯಲ್ಲಿ ಕೆಳಗೆ ಲೇಸ್ ಕಟ್ಟಿದ ಮಾಮೂಲಿ ಶೂ, ಮೇಲೆ ಕತ್ತರಿಸಿ ತೆಗೆಯಬಹುದಾದ ಉದ್ದ ಕಾಲು. ಶತ್ರು ನೆಲದಲ್ಲಿ ಇಳಿದರೆ ಮೇಲಿನದನ್ನು ಕೊಯ್ದು ಬಿಸಾಕಿ ಊರಿನವರ ಹಾಗೆ ನಡೆದುಹೋಗಲಿ ಅಂತ. ಗೊಂಬೆಯಲ್ಲಿ ಇದನ್ನು ಲೇಸ್ ಸಮೇತ ಕೆತ್ತಿದ್ದರೆ ಅದು ಆಟಿಕೆಯಲ್ಲ. ದೊಡ್ಡವರ ಕಪಾಟಿಗೆ ಮಾಡಿದ, ಇತ್ತೀಚಿನ ಗೊಂಬೆ ಆಗಿರುವ ಸಾಧ್ಯತೆ ಜಾಸ್ತಿ.

ಪೇಟ ಕಟ್ಟಿದ ಪೈಲಟ್ ಸಿಕ್ಕರೆ? ಇತಿಹಾಸದಲ್ಲಿ ಅಂಥವರು ನಿಜಕ್ಕೂ ಇದ್ದರು. ಮಹಿಂದರ್ ಸಿಂಗ್ ಪುಜಿ 1940ರಲ್ಲಿ ಬ್ರಿಟನ್ನಿಗೆ ಬಂದು ಪೇಟ ಕಟ್ಟಿಕೊಂಡೇ ಫೈಟರ್ ಹಾರಿಸಿದರು. ಗ್ರೇವ್ಸೆಂಡ್ ಊರಿನಲ್ಲಿ ಅವರ ಪ್ರತಿಮೆ ಇದೆ. ಆದರೆ ಗೊಂಬೆಯ ಕುತ್ತಿಗೆ ನೋಡದೆ ದುಡ್ಡು ಕೊಡಬೇಡಿ. ಬ್ರಿಟನ್ಸ್ ಭಾರತೀಯ ಸೇನೆಯ ಪೇಟದ ಸೈನಿಕರನ್ನು ಸಾಕಷ್ಟು ಮಾಡಿತ್ತು. ಆ ತಲೆ ತೆಗೆದು ಈ ಮೈಗೆ ಕೂರಿಸುವುದು ಕಷ್ಟವಲ್ಲ. ಟೊಳ್ಳು ಕುತ್ತಿಗೆಯೊಳಗೆ ಬೆಂಕಿಕಡ್ಡಿ ತೂರಿಸಿ ಮುರಿದ ತಲೆ ನಿಲ್ಲಿಸುವುದು ಇಲ್ಲಿನ ಮಕ್ಕಳ ಹಳೆಯ ರಿಪೇರಿ. ಮೆಲ್ಲಗೆ ತಿರುಗಿಸಿದರೆ ತಲೆ ಅಲ್ಲಾಡುತ್ತದೆ. ಬೆಂಕಿಕಡ್ಡಿ ಇರುವ ಗೊಂಬೆ ನನಗೆ ಇಷ್ಟವೇ. ಆದರೆ ಬೆಲೆ ಅದಕ್ಕೆ ತಕ್ಕ ಹಾಗಿರಬೇಕು.

ಬಣ್ಣ ಕೊನೆಗೆ. ಹಳೆ ಆಟಿಕೆಯ ಬಣ್ಣ ಸಾಮಾನ್ಯವಾಗಿ ಹೊಳಪಿನದು. ಮೂಗಿನ ತುದಿ, ಮೊಣಕೈ, ಬುಡದ ಅಂಚು, ಅಂದರೆ ಮಕ್ಕಳ ಕೈ ತಾಗುವ ಕಡೆಯೇ ಸವೆದಿರಬೇಕು. ಎಲ್ಲೆಲ್ಲೂ ಒಂದೇ ಸಮ 'ಸವೆದಿದ್ದರೆ' ಯಾರೋ ಸವೆಸಿದ್ದಾರೆ. ಹಳೆ ಚಕ್ಕೆ ಎದ್ದ ಗುಂಡಿಯೊಳಗೂ ಬಣ್ಣ ಇಳಿದಿದ್ದರೆ ಮರುಬಣ್ಣ.

ಮೊನ್ನೆ ಬೆಂಗಳೂರಿನಿಂದ ಅಣ್ಣನ ಮಗಳು ಒಂದು ಫೋಟೊ ಕಳಿಸಿದ್ದಳು. ಅವಳ ಗಂಡನ ಅಜ್ಜ ಎಚ್‌ಎಎಲ್‌ನಲ್ಲಿದ್ದವರು. ಟ್ರಂಕಿನಲ್ಲಿ ಪೈಲಟ್ ಸಿಕ್ಕಿದೆ, ಅಮೆರಿಕದ ಸೈನಿಕ ಕೊಟ್ಟಿದ್ದಂತೆ. ಕಥೆ ಅಸಾಧ್ಯವೇನಲ್ಲ. 1940ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ 1943ರ ಹೊತ್ತಿಗೆ ಅಮೆರಿಕದ ವಾಯುಪಡೆ ತನ್ನ ವಿಮಾನ ರಿಪೇರಿ ಮಾಡಿಸುತ್ತಿತ್ತು. ಬುಡದ ಫೋಟೊ ಕೇಳಿದೆ. 'ಮನೋಯಿಲ್, ಮೇಡ್ ಇನ್ ಯುಎಸ್‌ಎ'. ಎತ್ತರ 8 ಸೆಂ.ಮೀ.ಗೆ ಹತ್ತಿರ. ಮನೋಯಿಲ್, ಬಾರ್‌ಕ್ಲೇ ಕಂಪನಿಗಳ ಗೊಂಬೆ ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ಐದು ಸೆಂಟಿಗೆ ಸಿಗುತ್ತಿದ್ದವು, ಅಳತೆ ಅದೇ. ಗೊಂಬೆ ಅಸಲಿ, ಅಜ್ಜನ ಕಥೆಗೆ ಹೊಂದುತ್ತದೆ ಅಂತ ಹೇಳಿದೆ. ಕಥೆ ನಿಜ ಅಂತ ಹೇಳಲಿಲ್ಲ, ಅದನ್ನು ಬುಡದ ಅಕ್ಷರ ಹೇಳಲಾರದು.

ಅವಳಿಗೆ ಹೇಳಿದ ಇನ್ನೊಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಸೀಸದ ಮೇಲೆ ಬಿಳಿ ಪುಡಿ ಕಂಡರೆ ಊದಬೇಡಿ, ಒಣಬಟ್ಟೆಯಲ್ಲಿ ಒರೆಸಲೂ ಬೇಡಿ. ಅದು ಸೀಸ ಕೊಳೆತ ಪುಡಿ, ವಿಷ. ಆ ಗೊಂಬೆಯನ್ನು ಉಳಿದವುಗಳಿಂದ ಬೇರೆ ಇಡಿ. ಓಕ್ ಮರದ ಕಪಾಟು, ಅಗ್ಗದ ರಟ್ಟಿನ ಡಬ್ಬಿ ಬೇಡ. ಅವುಗಳಿಂದ ಹೊರಡುವ ಆಮ್ಲವೇ ಸೀಸವನ್ನು ತಿನ್ನುವುದು. ಗಾಜು, ಸ್ಟೀಲ್ ಒಳ್ಳೆಯದು. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಯಾರಿಗಾದರೂ ಫೋಟೊ ಕಳಿಸಿ ಕೇಳುವುದಾದರೆ ಮುಂದೆ, ಹಿಂದೆ, ಬುಡ, ಮೂರೂ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ, ಫ್ಲ್ಯಾಶ್ ಬೇಡ.