ಮಳೆಗಾಲಕ್ಕೆ ಮೊದಲು ಸಣ್ಣ ದೋಣಿಗೆ ಕ್ಯಾನ್ವಾಸ್ ಹೊದಿಸುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ದೋಣಿಯನ್ನು ದಡಕ್ಕೆಳೆದು ಮುಚ್ಚಿಡುವುದನ್ನು ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿನ್ನೀರಿನಲ್ಲಿ ಸುತ್ತಾಡಲೆಂದು ಕ್ಯಾಬಿನ್ ಇರುವ ಸಣ್ಣ ಫೈಬರ್ ದೋಣಿ ಇಟ್ಟುಕೊಂಡವರು ಮಾತ್ರ ಮೇ ತಿಂಗಳ ಕೊನೆಗೆ ಅಂಗಡಿಯಿಂದ ನೀಲಿ ಟಾರ್ಪಾಲು ತಂದು ಹೊದಿಸಿ, ನಾಲ್ಕು ಮೂಲೆ ಕಟ್ಟಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು.

ಆರು ಮೀಟರ್ ಉದ್ದ, ಎರಡು ಮೀಟರ್ ಅಗಲದ ದೋಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಮೂತಿ ಕಿರಿದಾಗುವುದನ್ನು ಕಳೆದರೂ ಅದರ ಮೇಲೆ ಸುರಿಯುವ ನೀರು ಸುಮಾರು ಸಾವಿರ ಲೀಟರ್. ತೂಕದಲ್ಲಿ ಒಂದು ಟನ್. ಕರಾವಳಿಯ ಆಷಾಢದಲ್ಲಿ ಇಂಥ ದಿನಗಳು ಅಪರೂಪವಲ್ಲ. ಆ ನೀರು ಒಂದು ಕ್ಷಣವೂ ನಿಲ್ಲದೆ ಜಾರಿ ಹೋಗಬೇಕು, ಒಳಗಿನ ತೇವಕ್ಕೆ ಹೊರಹೋಗಲು ದಾರಿಯಿರಬೇಕು. ಬಟ್ಟೆಯ ಗುಣಮಟ್ಟಕ್ಕಿಂತ ಅದರ ಇಳಿಜಾರು ಮತ್ತು ಗಾಳಿಯಾಟ ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ.

ದೋಣಿಯನ್ನು ಸಿದ್ಧಪಡಿಸಿ

ಉಪ್ಪು ಉಳಿಯದಂತೆ ಸಿಹಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ. ಬ್ಯಾಟರಿ, ಪೆಟ್ರೋಲ್ ಕ್ಯಾನು, ದಿಂಬು, ಲೈಫ್ ಜಾಕೆಟ್‌ಗಳನ್ನು ಮನೆಯೊಳಗೆ ಸಾಗಿಸಿ. ದೋಣಿ ದಡದ ಮೇಲಿದ್ದರೆ ಮುಂಭಾಗ ತುಸು ಎತ್ತರದಲ್ಲಿರಲಿ, ಹಿಂಭಾಗದ ಡ್ರೇನ್ ಪ್ಲಗ್ ತೆಗೆದಿರಲಿ. ಹೇಗೋ ಒಳಸೇರಿದ ನೀರು ಆಗ ತಾನಾಗಿಯೇ ಹರಿದುಹೋಗುತ್ತದೆ. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನನ್ನು ನೇರವಾಗಿ ಕೆಳಮುಖವಾಗಿ ನಿಲ್ಲಿಸಿ. ತೆಂಗಿನಮರದ ಕೆಳಗೆ ಜಾಗ ಎಷ್ಟೇ ಅನುಕೂಲವಾಗಿದ್ದರೂ ದೋಣಿ ಇಡಬೇಡಿ. ಗಾಳಿಗೆ ಬೀಳುವ ಒಂದೇ ಒಂದು ಕಾಯಿ ಬಟ್ಟೆಯನ್ನೂ ಕಿಟಕಿಯ ಗಾಜನ್ನೂ ಒಡೆದುಹಾಕಬಲ್ಲದು.

ಯಾವ ಬಟ್ಟೆ?

ಹತ್ತಿಯ ಕ್ಯಾನ್ವಾಸ್ ನೆನೆದಾಗ ಅದರ ನೂಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಜೊತೆಗೆ ಅದು ಉಸಿರಾಡುತ್ತದೆ, ಹಾಗಾಗಿ ಒಳಗೆ ಬೆವರು ಕಟ್ಟುವುದು ಕಡಿಮೆ. ಆದರೆ ವಾರಗಟ್ಟಲೆ ಒಣಗದಿದ್ದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಲಾರಿಗಳಿಗೆ ಹಾಕುವ ಪಿವಿಸಿ ಲೇಪಿತ ಬಟ್ಟೆ ಕೊಳೆಯುವುದಿಲ್ಲ, ಉಸಿರಾಡುವುದೂ ಇಲ್ಲ. ತೆಳು ನೀಲಿ ಟಾರ್ಪಾಲು ಬಿಸಿಲಿಗೆ ಬೇಗ ಪೆಡಸಾಗಿ, ಗಾಳಿಗೆ ಪಟಪಟನೆ ಬಡಿದುಕೊಂಡು ಹಗ್ಗ ತೂರಿಸುವ ಕಣ್ಣುಗಳ ಬಳಿ ಹರಿಯುತ್ತದೆ. ನಮ್ಮ ಮಳೆಗೆ ನೀರುನಿರೋಧಕ ಲೇಪನವಿರುವ ದಪ್ಪ ಕ್ಯಾನ್ವಾಸನ್ನೇ ಆರಿಸುತ್ತೇನೆ. ಹೊಸ ಹತ್ತಿ ಬಟ್ಟೆ ನೆನೆದಾಗ ಕುಗ್ಗುವುದರಿಂದ ಕತ್ತರಿಸುವ ಮೊದಲೇ ಒಮ್ಮೆ ನೆನೆಸಿ ಒಣಗಿಸಿಕೊಳ್ಳಿ.

ಚೌಕಟ್ಟೇ ಪ್ರಾಣ

ಬಟ್ಟೆಗೆ ಸುರಿಯುವ ಹಣದ ಕಾಲು ಭಾಗದಷ್ಟು ಗಮನವನ್ನೂ ಚೌಕಟ್ಟಿಗೆ ಕೊಡದವರೇ ಹೆಚ್ಚು. ಬಟ್ಟೆಯ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗ್ಗಿನಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ನೂರು ಕಿಲೋ ಭಾರ. ಆ ಭಾರಕ್ಕೆ ತಗ್ಗು ಮತ್ತಷ್ಟು ಆಳವಾಗುತ್ತದೆ, ಮತ್ತಷ್ಟು ನೀರು ಸೇರುತ್ತದೆ, ಕೊನೆಗೆ ಹೊಲಿಗೆ ಬಿಚ್ಚುತ್ತದೆ.

ಆದ್ದರಿಂದ ಮನೆಯ ಮಾಡಿನಂತೆ ನಡುವೆ ಉದ್ದಕ್ಕೂ ಒಂದು ತೊಲೆ ಬೇಕು. ಗಟ್ಟಿ ಬಿದಿರು ಅಥವಾ ಅಲ್ಯೂಮಿನಿಯಂ ಪೈಪು ಆಗುತ್ತದೆ. ತೆಳು ಪಿವಿಸಿ ಪೈಪು ನೀರಿನ ಭಾರಕ್ಕೆ ಬಾಗುತ್ತದೆ, ಬೇಡ. ತೊಲೆಯ ಮುಂದಿನ ತುದಿಯನ್ನು ದೋಣಿಯ ಮೂತಿಯ ಕಂಬಿಗೆ ಕಟ್ಟಿ, ಕ್ಯಾಬಿನ್ ಮಾಡಿನ ಮೇಲೆ ಹಾಯಿಸಿ, ಹಿಂಭಾಗದಲ್ಲಿ ಮರದ ಕವೆಯ ಮೇಲೆ ಕೂರಿಸಿ. ಕವೆಯ ಬುಡದಲ್ಲಿ ಹಲಗೆಯ ತುಂಡು ಇಡದಿದ್ದರೆ ಫೈಬರ್ ನೆಲಕ್ಕೆ ಪೆಟ್ಟಾಗುತ್ತದೆ. ಎರಡು ಮೀಟರ್ ಅಗಲದ ದೋಣಿಯಲ್ಲಿ ತೊಲೆ ಅಂಚಿಗಿಂತ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸುಮಾರು 30 ಡಿಗ್ರಿ ಇಳಿಜಾರು ಸಿಗುತ್ತದೆ. ಅದು ಕನಿಷ್ಠ. ನಾನಾದರೆ ತೊಲೆಯನ್ನು 75 ಸೆಂಟಿಮೀಟರ್ ಎತ್ತರದಲ್ಲಿ ಇಡುತ್ತೇನೆ. ತೊಲೆಯಿಂದ ಎರಡೂ ಅಂಚಿಗೆ ಮುಕ್ಕಾಲು ಮೀಟರಿಗೊಂದರಂತೆ ಪಕ್ಕೆಗಳು, ಎಂದರೆ ಪಕ್ಕೆಲುಬಿನಂತೆ ಇಳಿಯುವ ಕೋಲುಗಳು, ಬೇಕು. ಕ್ಯಾಬಿನ್ ಮುಗಿದು ಕೂರುವ ಜಾಗ ಆರಂಭವಾಗುವ ಸ್ಥಳದಲ್ಲಿ ಎತ್ತರ ತಟ್ಟನೆ ಇಳಿಯುತ್ತದೆ. ನೀರು ನಿಲ್ಲುವುದು ಬಹುತೇಕ ಅಲ್ಲಿಯೇ, ಹಾಗಾಗಿ ಅಲ್ಲಿ ಎರಡು ಪಕ್ಕೆ ಹೆಚ್ಚಿಗೆ ಕೊಡಿ.

ಬಟ್ಟೆ ತಗಲುವ ಪ್ರತಿ ಮೂಲೆಯನ್ನೂ, ಎಂದರೆ ಗಾಜಿನ ಚೌಕಟ್ಟು, ಕಂಬಿಯ ತುದಿ, ಹಗ್ಗ ಕಟ್ಟುವ ಗೂಟಗಳನ್ನು, ಹಳೆಯ ಟಯರ್ ಟ್ಯೂಬಿನ ತುಂಡಿನಿಂದ ಸುತ್ತಿಬಿಡಿ. ಗಾಳಿಯ ದಿನ ಬಟ್ಟೆ ಇಡೀ ರಾತ್ರಿ ಅಲ್ಲಿ ಉಜ್ಜುತ್ತಲೇ ಇರುತ್ತದೆ.

ಅಳತೆ

ಚೌಕಟ್ಟು ನಿಂತ ಮೇಲೆಯೇ ಅಳೆಯಿರಿ. ಒಂದು ಅಂಚಿನಿಂದ ತೊಲೆಯ ಮೇಲಾಗಿ ಇನ್ನೊಂದು ಅಂಚಿಗೆ ಹಗ್ಗ ಹಾಯಿಸಿದರೆ ಮೇಲಿನ ಉದಾಹರಣೆಯಲ್ಲಿ, ತೊಲೆ 75 ಸೆಂಟಿಮೀಟರ್ ಎತ್ತರದಲ್ಲಿದ್ದಾಗ, ಎರಡೂವರೆ ಮೀಟರ್ ಬರುತ್ತದೆ. ಅದಕ್ಕೆ ಎರಡೂ ಕಡೆ 30 ಸೆಂಟಿಮೀಟರ್ ಇಳಿಬಿಡುವ ಭಾಗ, ಮಡಿಕೆ ಹೊಲಿಗೆಗೆ ಐದೈದು ಸೆಂಟಿಮೀಟರ್ ಸೇರಿಸಿ. ಕ್ಯಾಬಿನ್ ಇರುವ ಕಡೆ ಬೇರೆಯಾಗಿ ಅಳೆಯಬೇಕು. ಜೋಡಿಸುವ ಪಟ್ಟಿಗಳಲ್ಲಿ ಮೇಲಿನದು ಕೆಳಗಿನದರ ಮೇಲೆ ಬರಲಿ, ಹೆಂಚು ಹೊದಿಸುವ ಕ್ರಮದಲ್ಲಿ. ಅಂಚನ್ನು ಎರಡು ಪದರ ಮಡಚಿ ಅರ್ಧ ಮೀಟರಿಗೊಂದು ಹಿತ್ತಾಳೆಯ ಕಣ್ಣು ಹಾಕಿಸಿ. ಲಾರಿ ಟಾರ್ಪಾಲು ಹೊಲಿಯುವವರು ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ.

ಹೊದಿಸಿ ಬಿಗಿಯುವುದು

ಗಾಳಿ ಏಳುವ ಮೊದಲು, ಬೆಳಗ್ಗೆ ಬೇಗ ಇಬ್ಬರು ಸೇರಿ ಮಾಡಿ. ಮುಂಗಾರಿನ ಗಾಳಿ ನೈರುತ್ಯದಿಂದ, ಸಮುದ್ರದ ಕಡೆಯಿಂದ ಬೀಸುತ್ತದೆ. ಸಾಧ್ಯವಾದರೆ ದೋಣಿಯ ಮೂತಿಯನ್ನು ಆ ಕಡೆಗೆ ತಿರುಗಿಸಿ, ಮೊದಲು ಮೂತಿಯನ್ನು ಭದ್ರವಾಗಿ ಮುಚ್ಚಿ, ಸುರುಳಿ ಬಿಚ್ಚುತ್ತಾ ಹಿಂದಕ್ಕೆ ಬನ್ನಿ.

ಹಗ್ಗಗಳು ದೋಣಿಯ ಅಡಿಯಿಂದ ಹಾಯಬೇಕು. ಬಟ್ಟೆಯ ಎಡ ಅಂಚಿನ ಕಣ್ಣಿಗೆ ಕಟ್ಟಿದ ಹಗ್ಗವನ್ನು ಕೆಳಗಿನಿಂದ ತಂದು ಬಲ ಅಂಚಿನ ಕಣ್ಣಿನಲ್ಲಿ ತೂರಿಸಿ. ಅದೇ ಹಗ್ಗದ ನಡುವೆ ಒಂದು ಚಿಕ್ಕ ಕುಣಿಕೆ ಮಾಡಿ, ತುದಿಯನ್ನು ಆ ಕುಣಿಕೆಯಲ್ಲಿ ಹಾಯಿಸಿ ಜಗ್ಗಿ, ಎರಡು ಗಂಟು ಹಾಕಿ. ಲಾರಿಯವರು ಸರಕು ಬಿಗಿಯುವ ಈ ವಿಧಾನದಲ್ಲಿ ಒಬ್ಬರ ಬಲವೇ ಸಾಕು. ದೋಣಿಯನ್ನು ಎತ್ತಿ ನಿಲ್ಲಿಸಿದ ಆಧಾರಗಳಿಗೆ ಹಗ್ಗವನ್ನು ಎಂದೂ ಕಟ್ಟಬೇಡಿ. ಗಾಳಿ ಬಟ್ಟೆಯನ್ನು ಎಳೆದಾಗ ಆಧಾರ ಸರಿದು ದೋಣಿಯೇ ಉರುಳಬಹುದು. ನೈಲಾನ್ ಹಗ್ಗ ನೆನೆದರೆ ಸಡಿಲವಾಗುತ್ತದೆ, ಪಾಲಿಯೆಸ್ಟರ್ ಒಳ್ಳೆಯದು. ಪ್ರತಿ ಕಣ್ಣಿಗೂ ಹಗ್ಗಕ್ಕೂ ನಡುವೆ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆಯೊಂದನ್ನು ಸೇರಿಸಿದರೆ ಗಾಳಿಯ ಜಗ್ಗಾಟ ನೇರವಾಗಿ ಹೊಲಿಗೆಗೆ ತಗಲುವುದಿಲ್ಲ. ಕಲ್ಲು, ನೀರು ತುಂಬಿದ ಬಾಟಲಿ ನೇತುಹಾಕುವವರಿದ್ದಾರೆ. ಅವು ತೂಗಾಡಿ ದೋಣಿಯ ಮೈಯನ್ನು ಕೆರೆಯುತ್ತವೆ.

ಮುಂದೆ ಮತ್ತು ಹಿಂದೆ, ತೊಲೆಯ ಕೆಳಗೆ, ಅಂಗೈ ಅಗಲದ ಗಾಳಿಕಿಂಡಿ ಬಿಡಿ. ಅದರ ಮೇಲೆ ಬಟ್ಟೆಯ ಸಣ್ಣ ಮುಸುಕು, ಒಳಗೆ ಇಲಿ ನುಗ್ಗದಂತೆ ಜಾಲರಿ. ಕ್ಯಾಬಿನ್ ಬಾಗಿಲನ್ನೂ ಬೀರುಗಳನ್ನೂ ತೆರೆದೇ ಇಡಿ.

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಹೋಗಿ ನೋಡಿ. ನೀರು ನಿಂತಿದ್ದರೆ ಒಳಗಿನಿಂದ ಕೋಲಿನಿಂದ ತಿವಿಯದೆ ಅಂಗೈಯಿಂದ ಮೆಲ್ಲಗೆ ಎತ್ತಿ ಚೆಲ್ಲಿ, ಅಲ್ಲಿಗೆ ಇನ್ನೊಂದು ಪಕ್ಕೆ ಕೊಡಿ. ಅನಂತರ ವಾರಕ್ಕೊಮ್ಮೆ ಹಗ್ಗ ಬಿಗಿಯುವುದು, ಬಿದ್ದ ಎಲೆ ಗುಡಿಸುವುದು. ಬಿಸಿಲು ಬಿದ್ದ ದಿನ ಒಂದು ಬದಿಯನ್ನು ಎರಡು ಗಂಟೆ ಎತ್ತಿಕಟ್ಟಿ. ಸೆಪ್ಟೆಂಬರಿನಲ್ಲಿ ಬಟ್ಟೆ ತೆಗೆದಾಗ ಸೋಪಿನ ಪುಡಿ ಹಾಕದೆ ಬರೀ ನೀರು ಮತ್ತು ಮೃದುವಾದ ಬ್ರಷ್‌ನಿಂದ ತೊಳೆಯಿರಿ, ಸೋಪು ಲೇಪನವನ್ನು ಕಳೆಯುತ್ತದೆ. ಮಡಿಕೆಯ ಹೊಲಿಗೆಯೊಳಗೂ ತೇವವಿಲ್ಲವೆಂದು ಬೆರಳಿನಿಂದ ಮುಟ್ಟಿ ನೋಡಿದ ಮೇಲೆಯೇ ಸುತ್ತಿ ಅಟ್ಟಕ್ಕೇರಿಸಿ.