ಹಳೆಯ ಸೀಸನ್ನಿಗೆ ಕಿರ್ದಿ ಬರೆಯುವ ಕ್ರಮ: 2018-19ರ ಚಾಂಪಿಯನ್ಸ್ ಲೀಗ್

ಮುಗಿದುಹೋದ ಫುಟ್‌ಬಾಲ್ ಸೀಸನ್ನೊಂದನ್ನು ಮತ್ತೆ ಓದಲು ಕೂತವರು ಸಾಮಾನ್ಯವಾಗಿ ಫೈನಲ್‌ನಿಂದ ಶುರು ಮಾಡುತ್ತಾರೆ. 2019ರ ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ, ಯುರೋಪಿನ ಕ್ಲಬ್ ತಂಡಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್‌ನಲ್ಲಿ, ಲಿವರ್‌ಪೂಲ್ ತಂಡ ಟಾಟೆನ್‌ಹ್ಯಾಮನ್ನು 2-0ಯಿಂದ ಸೋಲಿಸಿತು ಎಂಬುದನ್ನು ಮೊದಲ ಪುಟದಲ್ಲಿಯೇ ಬರೆದುಬಿಟ್ಟರೆ, ಅದರ ಹಿಂದಿನ ನಾಲ್ಕು ತಿಂಗಳ ಆಟವೆಲ್ಲ ಆ ಒಂದು ಸಾಲಿಗೆ ಬರೆದ ಪೀಠಿಕೆಯಂತೆ ಕಾಣತೊಡಗುತ್ತದೆ. ದಾವಣಗೆರೆಯ ದಲಾಲಿ ಮಂಡಿಯೊಂದರಲ್ಲಿ ಹಲವು ವರ್ಷ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆದ ನನಗೆ ಇದು ಸರಿಯೆನಿಸುವುದಿಲ್ಲ. ಸಂಜೆಯ ಆಖೈರು ಶಿಲ್ಕನ್ನು, ಅಂದರೆ ಕೈಯಲ್ಲುಳಿದ ಹಣವನ್ನು, ಮಾತ್ರ ನೋಡಿದವನಿಗೆ, ಮಧ್ಯಾಹ್ನ ಹನ್ನೆರಡಕ್ಕೆ ಗಲ್ಲಾಪೆಟ್ಟಿಗೆ ಬರಿದಾಗಿತ್ತೆಂಬ ಸಂಗತಿ ಎಂದಿಗೂ ತಿಳಿಯುವುದಿಲ್ಲ. ಆದ್ದರಿಂದ ಸೋತವರು ಹೊರಬೀಳುವ ನಾಕೌಟ್ ಸೀಸನ್ನನ್ನೂ ಕಿರ್ದಿಯಂತೆ, ಪ್ರತಿ ಗೋಲಿನ ನಂತರದ ಶಿಲ್ಕು ಹಾಕಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಹೇಗೆ ಮಾಡುವುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಅಭ್ಯಾಸಕ್ಕೆ 2018-19ರ ಸೀಸನ್ನನ್ನೇ ಆರಿಸಿಕೊಳ್ಳಲು ಕಾರಣವಿದೆ. ಆಗ ತವರಿನಾಚೆಯ ಗೋಲಿನ ನಿಯಮ, ಅಂದರೆ ಎಲ್ಲರ ಬಾಯಲ್ಲಿರುವ ಅವೇ ಗೋಲ್ ನಿಯಮ, ಇನ್ನೂ ಜಾರಿಯಲ್ಲಿತ್ತು: ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಹೊಡೆದವರು ಮುಂದೆ. ವಿಡಿಯೊ ನೋಡಿ ತೀರ್ಪನ್ನು ಪರಿಶೀಲಿಸುವ ವಿಎಆರ್ ಪದ್ಧತಿ ಅದೇ ಸೀಸನ್ನಿನ ನಾಕೌಟ್ ಹಂತದಿಂದ ಬಳಕೆಗೆ ಬಂದಿತ್ತು. ಇವೆರಡೂ ಜೊತೆಗೂಡಿದ್ದರಿಂದ ಲೆಕ್ಕ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಕೆಲಸದ ಪ್ರಮಾಣವೂ ಹೆಚ್ಚೇನಲ್ಲ. 16 ತಂಡಗಳು ಉಳಿದಿರುವ 16ರ ಘಟ್ಟದಲ್ಲಿ 16 ಪಂದ್ಯಗಳು, ಕ್ವಾರ್ಟರ್‌ ಫೈನಲ್‌ನಲ್ಲಿ 8, ಸೆಮಿಫೈನಲ್‌ನಲ್ಲಿ 4, ಫೈನಲ್ ಒಂದು. ಒಟ್ಟು 29 ಪಂದ್ಯಗಳು. ದಿನಕ್ಕೆ ಎರಡರಂತೆ ಬರೆದರೆ ಹದಿನೈದು ದಿನದ ಕೆಲಸ.

ಪುಸ್ತಕ ಉದ್ದನೆಯದಿರಲಿ. ಮಂಡಿಗಳಲ್ಲಿ ಬಳಸುವ ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕವೇ ಆದರೆ ಉತ್ತಮ, ಏಕೆಂದರೆ ಅದರಲ್ಲಿ ಕಾಲಂಗಳನ್ನು ಮೊದಲೇ ಹಾಕಿರುತ್ತಾರೆ. ಎರಡು ಬಣ್ಣದ ಪೆನ್ನು, ಒಂದು ಪೆನ್ಸಿಲು ಸಾಕು. ಎರಡು ಲೆಗ್‌ಗಳ, ಅಂದರೆ ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಪಂದ್ಯವಿರುವ ಒಂದೊಂದು ಹಣಾಹಣಿಗೂ ಎದುರುಬದುರಿನ ಎರಡು ಪುಟಗಳನ್ನು ಮೀಸಲಿಡಬೇಕು. ಎಡಪುಟದಲ್ಲಿ ಮೊದಲ ಲೆಗ್, ಬಲಪುಟದಲ್ಲಿ ಎರಡನೆಯದು. ಹೀಗೆ ಮಾಡಿದರೆ ಒಟ್ಟು ಗೋಲುಗಳ ಲೆಕ್ಕಕ್ಕೆ ಪುಟ ತಿರುವುವ ಅಗತ್ಯವಿರುವುದಿಲ್ಲ.

ದಿನಾಂಕದ ವಿಷಯದಲ್ಲಿ ಆರಂಭದಲ್ಲಿಯೇ ಎಚ್ಚರ ವಹಿಸಬೇಕು. ನಾಕೌಟ್ ಪಂದ್ಯಗಳು ಮಧ್ಯ ಯುರೋಪಿನ ರಾತ್ರಿ ಒಂಬತ್ತು ಗಂಟೆಗೆ ಶುರುವಾಗುತ್ತಿದ್ದವು. ಅದು ನಮ್ಮಲ್ಲಿ ಮಾರ್ಚ್ ಕೊನೆಯವರೆಗೆ ನಡುರಾತ್ರಿ ಒಂದೂವರೆ, ಅಲ್ಲಿ ಬೇಸಿಗೆಯ ಗಡಿಯಾರ ಬದಲಾದ ಮೇಲೆ ಹನ್ನೆರಡೂವರೆ. ಅಂದರೆ ಪ್ಯಾರಿಸ್‌ನ ಮಾರ್ಚ್ 6ರ ಪಂದ್ಯ ದಾವಣಗೆರೆಯಲ್ಲಿ ಎಚ್ಚರವಿದ್ದು ನೋಡಿದವನ ಪಾಲಿಗೆ ಮಾರ್ಚ್ 7ರದ್ದು. ನಾನು ಮೊದಲ ಸಲ ಬರೆದಾಗ ಅರ್ಧ ಪುಸ್ತಕಕ್ಕೆ ನಮ್ಮ ದಿನಾಂಕ, ಉಳಿದರ್ಧಕ್ಕೆ ಅವರ ದಿನಾಂಕ ಹಾಕಿ ಎಲ್ಲವನ್ನೂ ಹೊಡೆದುಹಾಕಬೇಕಾಯಿತು. ಪಂದ್ಯ ನಡೆದ ಊರಿನ ದಿನಾಂಕವನ್ನೇ ಬರೆಯಿರಿ. ಹೆಸರುಗಳಿಗೂ ಒಂದೇ ಕಾಗುಣಿತ ಇಟ್ಟುಕೊಳ್ಳಿ: ಅಜಾಕ್ಸ್ ಎಂದು ಓದುವ ಅಭ್ಯಾಸ ನಮ್ಮಲ್ಲಿದ್ದರೂ ಆ ತಂಡದವರು ತಮ್ಮನ್ನು ಕರೆದುಕೊಳ್ಳುವುದು ಅಯಾಕ್ಸ್ ಎಂದು.

ನಾಕೌಟ್‌ಗೆ ಹೋಗುವ ಮುನ್ನ ಗುಂಪು ಹಂತಕ್ಕೆ ಒಂದು ಪುಟ ಕೊಡಬೇಕು. ಎಂಟೂ ಗುಂಪುಗಳನ್ನು ಬರೆಯಬೇಕಾಗಿಲ್ಲ. ಬಿ ಮತ್ತು ಸಿ ಗುಂಪುಗಳು ಸಾಕು. ಬಿ ಗುಂಪಿನಲ್ಲಿ ಬಾರ್ಸಿಲೋನಾ 14 ಅಂಕಗಳೊಂದಿಗೆ ಮುಂದೆ ನಡೆದರೆ, ಉಳಿದೊಂದು ಸ್ಥಾನಕ್ಕೆ ಟಾಟೆನ್‌ಹ್ಯಾಮ್ ಮತ್ತು ಇಂಟರ್ ಮಿಲಾನ್ ತಲಾ 8 ಅಂಕಗಳಲ್ಲಿ ನಿಂತವು. ಮಿಲಾನ್‌ನಲ್ಲಿ ಇಂಟರ್ 2-1ರಿಂದ ಗೆದ್ದಿತ್ತು, ಲಂಡನ್‌ನಲ್ಲಿ ಟಾಟೆನ್‌ಹ್ಯಾಮ್ 1-0ಯಿಂದ. ಪರಸ್ಪರ ಪಂದ್ಯಗಳ ಗೋಲುಗಳೂ 2-2. ಮಿಲಾನ್‌ನಲ್ಲಿ ಎರಿಕ್ಸನ್ ಹೊಡೆದಿದ್ದ ಒಂದು ಗೋಲು, ಸೋತ ಪಂದ್ಯದ ಗೋಲು, ತವರಿನಾಚೆಯದಾದ್ದರಿಂದ ಟಾಟೆನ್‌ಹ್ಯಾಮನ್ನು ದಾಟಿಸಿತು. ಸಿ ಗುಂಪಿನಲ್ಲಿ ಲಿವರ್‌ಪೂಲ್ ಮತ್ತು ನಾಪೊಲಿ ತಲಾ 9 ಅಂಕ ಗಳಿಸಿದವು. ಪರಸ್ಪರ ಪಂದ್ಯಗಳು 1-0, 0-1. ಗೋಲುಗಳ ಅಂತರ ಎರಡಕ್ಕೂ ಎರಡೇ. ಕೊನೆಗೆ ಒಟ್ಟು ಹೊಡೆದ ಗೋಲುಗಳು 9 ಮತ್ತು 7 ಎಂಬ ಕಾರಣಕ್ಕೆ ಲಿವರ್‌ಪೂಲ್ ಉಳಿಯಿತು. ಆರು ತಿಂಗಳ ನಂತರ ಫೈನಲ್ ಆಡಿದ ಎರಡೂ ತಂಡಗಳು ಡಿಸೆಂಬರ್‌ನಲ್ಲಿ ಹೀಗೆ ಕೂದಲೆಳೆಯಲ್ಲಿ ಪಾರಾಗಿದ್ದವು ಎಂಬುದನ್ನು ಆ ಪುಟದಲ್ಲಿ ಬರೆದಿಟ್ಟುಕೊಂಡೇ ಮುಂದೆ ಹೋಗಬೇಕು.

ಇನ್ನು ಕಾಲಂಗಳು. ನಿಮಿಷ, ಗೋಲು ಹೊಡೆದವನು, ಆ ದಿನದ ಸ್ಕೋರು, ಎರಡೂ ಲೆಗ್‌ಗಳ ಒಟ್ಟು ಸ್ಕೋರು, ಕೊನೆಯದಾಗಿ ಶಿಲ್ಕು. ಶಿಲ್ಕಿನ ಕಾಲಂನಲ್ಲಿ ಬರೆಯಬೇಕಾದದ್ದು ಒಂದೇ ಪ್ರಶ್ನೆಯ ಉತ್ತರ: ಎರಡನೆಯ ಲೆಗ್‌ನ ಕೊನೆಯ ಸೀಟಿ ಈ ಕ್ಷಣವೇ ಊದಿದರೆ ಮುಂದಿನ ಸುತ್ತಿಗೆ ಹೋಗುವವರು ಯಾರು? ಒಟ್ಟು ಗೋಲು ಹೆಚ್ಚಿದ್ದವರ ಹೆಸರು ಬರೆಯಿರಿ. ಸಮವಿದ್ದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರ ಹೆಸರು. ಅದೂ ಸಮವಿದ್ದರೆ ಹೆಚ್ಚುವರಿ ಸಮಯ ಎಂದು ಬರೆಯಿರಿ. ಈ ಕಾಲಂ ಇಲ್ಲದ ಪುಸ್ತಕ ಬರೀ ಫಲಿತಾಂಶಗಳ ಪಟ್ಟಿಯಾಗುತ್ತದೆ.

ಉದಾಹರಣೆಗೆ ಮ್ಯಾಂಚೆಸ್ಟರ್ ಸಿಟಿ ಮತ್ತು ಟಾಟೆನ್‌ಹ್ಯಾಮ್ ನಡುವಿನ ಕ್ವಾರ್ಟರ್‌ ಫೈನಲನ್ನು ತೆಗೆದುಕೊಳ್ಳೋಣ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನವನಾದ್ದರಿಂದ ನನ್ನ ಒಲವು ಸಿಟಿಯ ಕಡೆಗಿತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಏಪ್ರಿಲ್ 9ರ ಮೊದಲ ಲೆಗ್‌ನಲ್ಲಿ ಅಗ್ವೆರೋ ಹೊಡೆದ ಪೆನಾಲ್ಟಿಯನ್ನು ಲೋರಿಸ್ ತಡೆದಿದ್ದ. 78ನೇ ನಿಮಿಷದಲ್ಲಿ ಸನ್ ಹೊಡೆದ ಗೋಲಿನಿಂದ ಟಾಟೆನ್‌ಹ್ಯಾಮ್ 1-0 ಮುಂದಿತ್ತು. ಏಪ್ರಿಲ್ 17ರ ಬಲಪುಟ ನನ್ನ ಪುಸ್ತಕದಲ್ಲಿ ಹೀಗಿದೆ:

ಆರಂಭದ ಶಿಲ್ಕು: ಒಟ್ಟು 1-0, ಟಾಟೆನ್‌ಹ್ಯಾಮ್.
4ನೇ ನಿಮಿಷ, ಸ್ಟರ್ಲಿಂಗ್: ಸಿಟಿ 1-0, ಒಟ್ಟು 1-1, ಹೆಚ್ಚುವರಿ ಸಮಯ.
7ನೇ ನಿಮಿಷ, ಸನ್: 1-1, ಟಾಟೆನ್‌ಹ್ಯಾಮ್ ಒಟ್ಟು 2-1, ಟಾಟೆನ್‌ಹ್ಯಾಮ್.
10ನೇ ನಿಮಿಷ, ಸನ್: 1-2, ಒಟ್ಟು 3-1, ಟಾಟೆನ್‌ಹ್ಯಾಮ್.
11ನೇ ನಿಮಿಷ, ಬರ್ನಾರ್ಡೊ ಸಿಲ್ವಾ: 2-2, ಒಟ್ಟು 3-2, ಟಾಟೆನ್‌ಹ್ಯಾಮ್.
21ನೇ ನಿಮಿಷ, ಸ್ಟರ್ಲಿಂಗ್: 3-2, ಒಟ್ಟು 3-3, ಟಾಟೆನ್‌ಹ್ಯಾಮ್, ತವರಿನಾಚೆಯ ಎರಡು ಗೋಲು.
59ನೇ ನಿಮಿಷ, ಅಗ್ವೆರೋ: 4-2, ಸಿಟಿ ಒಟ್ಟು 4-3, ಸಿಟಿ.
73ನೇ ನಿಮಿಷ, ಲೊರೆಂಟೆ: 4-3, ಒಟ್ಟು 4-4, ಟಾಟೆನ್‌ಹ್ಯಾಮ್, ತವರಿನಾಚೆಯ ಮೂರು ಗೋಲು.

ಶಿಲ್ಕಿನ ಕಾಲಂನ ಮೇಲೆ ಮಾತ್ರ ಬೆರಳಾಡಿಸಿ ನೋಡಿ. ಆ ರಾತ್ರಿ 21ನೇ ನಿಮಿಷದಿಂದ ಕೊನೆಯವರೆಗೂ ಪಂದ್ಯದಲ್ಲಿ ಮುಂದಿದ್ದದ್ದು ಸಿಟಿ; ಪಂದ್ಯವನ್ನು ಗೆದ್ದದ್ದೂ ಸಿಟಿ. ಆದರೆ ಶಿಲ್ಕು ಸಿಟಿಯ ಹೆಸರಿನಲ್ಲಿದ್ದದ್ದು 59ರಿಂದ 73ನೇ ನಿಮಿಷದವರೆಗೆ, ಬರೀ ಹದಿನಾಲ್ಕು ನಿಮಿಷ. ಇಂಜುರಿ ಟೈಮ್‌ನಲ್ಲಿ ಸ್ಟರ್ಲಿಂಗ್ ಚೆಂಡನ್ನು ಬಲೆಗೆ ಸೇರಿಸಿದಾಗ ಹದಿನೈದನೆಯ ನಿಮಿಷವೂ ಸಿಕ್ಕಿತೆಂದು ಕ್ರೀಡಾಂಗಣವೇ ಕುಣಿದಿತ್ತು; ಅಗ್ವೆರೋ ಆಫ್‌ಸೈಡ್‌ನಲ್ಲಿದ್ದನೆಂದು ವಿಎಆರ್ ಆ ಗೋಲನ್ನು ತಳ್ಳಿಹಾಕಿತು. ಇಂಥ ರದ್ದಾದ ಗೋಲುಗಳನ್ನು ಪೆನ್ಸಿಲಿನಲ್ಲಿ ಬರೆದು ಅಡ್ಡಗೆರೆ ಎಳೆಯಬೇಕೇ ಹೊರತು ಬಿಟ್ಟುಬಿಡಬಾರದು. ಮಂಡಿಯಲ್ಲಿ ಮುರಿದುಬಿದ್ದ ವ್ಯಾಪಾರವನ್ನೂ ಹೀಗೆಯೇ ಬರೆದಿಡುತ್ತಿದ್ದೆವು. ಲೊರೆಂಟೆಯ ಗೋಲನ್ನೂ, ಚೆಂಡು ಕೈಗೆ ತಾಗಿತೇ ಎಂದು ಪರಿಶೀಲಿಸಿದ ನಂತರವೇ ಮಾನ್ಯ ಮಾಡಲಾಯಿತು.

ಸಿಟಿ ಹೊರಬಿದ್ದ ಮೇಲೆ ನಾನು ಅಯಾಕ್ಸ್ ಕಡೆಗೆ ವಾಲಿದೆ. ರಿಯಲ್ ಮ್ಯಾಡ್ರಿಡ್ ಮತ್ತು ಯುವೆಂಟಸ್ ಎರಡನ್ನೂ ಅವರವರ ಅಂಗಳದಲ್ಲಿಯೇ, 4-1 ಹಾಗೂ 2-1ರಿಂದ ಮಣಿಸಿ ಬಂದಿದ್ದ ಹುಡುಗರು ಅವರು. ಟಾಟೆನ್‌ಹ್ಯಾಮ್ ವಿರುದ್ಧದ ಸೆಮಿಫೈನಲ್‌ನ ಕಿರ್ದಿಯಲ್ಲಿ ಶಿಲ್ಕಿನ ಕಾಲಂ ಬೇರೆಯೇ ರೀತಿ ಕಾಣುತ್ತದೆ. ಲಂಡನ್‌ನಲ್ಲಿ 15ನೇ ನಿಮಿಷಕ್ಕೆ ವಾನ್ ಡ ಬೇಕ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 5ಕ್ಕೆ ಡ ಲಿಖ್ಟ್, 35ಕ್ಕೆ ಜಿಯೆಶ್, ಒಟ್ಟು 3-0. ಮಧ್ಯಂತರದ ಹೊತ್ತಿಗೆ ನನಗೆ ಜೊಂಪು ಹತ್ತಿತು, ಟಿವಿ ಆರಿಸಿ ಮಲಗಿದೆ. ಬೆಳಿಗ್ಗೆ ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಪರಿಚಯದ ಹುಡುಗನೊಬ್ಬ, "ಏನಣ್ಣಾರೆ, ನಿಮ್ಮ ಅಯಾಕ್ಸ್ ಮನೀಗೆ ಹೋತಲ್ಲ?" ಎಂದಾಗ ತಮಾಷೆಯೆಂದೇ ಭಾವಿಸಿದ್ದೆ. ಲೂಕಸ್ ಮೌರಾ 55, 59 ಮತ್ತು ಇಂಜುರಿ ಟೈಮ್‌ನ ಆರನೆಯ ನಿಮಿಷದಲ್ಲಿ ಗೋಲು ಹೊಡೆದಿದ್ದ. ಪುಸ್ತಕದಲ್ಲಿ ಅಯಾಕ್ಸ್, ಅಯಾಕ್ಸ್, ಅಯಾಕ್ಸ್ ಎಂದು ಸಾಲಾಗಿ ಬಂದು, ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಟಾಟೆನ್‌ಹ್ಯಾಮ್ ಎಂದಾಗುತ್ತದೆ. ಮೌರಾನ ಎರಡನೆಯ ಗೋಲಿನ ಸಾಲಿನಲ್ಲಿ 2-2 ಎಂಬ ಅಂಕಿ ಕಂಡು ಆಟ ಸಮವಾಯಿತೆಂದು ಬರೆಯಬೇಡಿ. ಆಗಲೂ ಒಟ್ಟು ಲೆಕ್ಕದಲ್ಲಿ ಅಯಾಕ್ಸ್ 3-2 ಮುಂದಿತ್ತು.

ಲಿವರ್‌ಪೂಲ್ ಮತ್ತು ಬಾರ್ಸಿಲೋನಾ ನಡುವಿನ ಸೆಮಿಫೈನಲ್‌ನಲ್ಲಿ ಬರೆಯುವವರು ಎಡವುವುದು ಬೇರೊಂದು ಕಡೆ. ಮೊದಲ ಲೆಗ್‌ನಲ್ಲಿ ಬಾರ್ಸಿಲೋನಾ 3-0. ಸಲಾಹ್, ಫಿರ್ಮಿನೊ ಇಬ್ಬರೂ ಇಲ್ಲದ ಲಿವರ್‌ಪೂಲ್ ಮೇ 7ರಂದು ಒರಿಗಿಯ 7ನೇ ನಿಮಿಷದ ಗೋಲಿನಿಂದ ಶುರುಮಾಡಿತು; ಗಾಯಗೊಂಡ ರಾಬರ್ಟ್‌ಸನ್ ಬದಲಿಗೆ ಮಧ್ಯಂತರದ ನಂತರ ಬಂದ ವೈನಾಲ್ಡಮ್ 54 ಮತ್ತು 56ರಲ್ಲಿ ಎರಡು ಹೊಡೆದ. ಒಟ್ಟು 3-3. ಎರಡೂ ಕಡೆ ತವರಿನಾಚೆಯ ಗೋಲು ಸೊನ್ನೆಯಾದ್ದರಿಂದ 79ನೇ ನಿಮಿಷದವರೆಗೆ ಶಿಲ್ಕು ಹೆಚ್ಚುವರಿ ಸಮಯವೇ. ಆದರೆ ಈ ಇಪ್ಪತ್ಮೂರು ನಿಮಿಷಗಳಲ್ಲಿ ಎರಡು ತಂಡಗಳ ಸ್ಥಿತಿ ಒಂದೇ ಆಗಿರಲಿಲ್ಲ: ಬಾರ್ಸಿಲೋನಾ ಒಂದು ಗೋಲು ಹೊಡೆದಿದ್ದರೆ ಲಿವರ್‌ಪೂಲ್‌ಗೆ ಇನ್ನೂ ಎರಡು ಬೇಕಾಗುತ್ತಿತ್ತು. ಆದ್ದರಿಂದ ಹೆಚ್ಚುವರಿ ಸಮಯ ಎಂದು ಬರೆದ ಕಡೆಯೆಲ್ಲ, ಮುಂದಿನ ಒಂದು ಗೋಲಿನಿಂದ ಯಾರಿಗೆ ಎಷ್ಟು ಹೊರೆ ಬೀಳುತ್ತದೆಂಬುದನ್ನು ಅಂಚಿನಲ್ಲಿ ಗುರುತಿಸಿ. 79ರಲ್ಲಿ ಅಲೆಕ್ಸಾಂಡರ್-ಆರ್ನಲ್ಡ್, ಬಾರ್ಸಿಲೋನಾದವರು ಇನ್ನೂ ತಿರುಗಿ ನೋಡುವಷ್ಟರಲ್ಲಿ ಕಾರ್ನರ್ ಹೊಡೆದು, ಒರಿಗಿಯ ಕಾಲಿನಿಂದ ನಾಲ್ಕನೆಯದನ್ನು ಕೊಡಿಸಿದ.

16ರ ಘಟ್ಟದಲ್ಲಿ ಎರಡು ಹಣಾಹಣಿಗಳಿಗೆ ಸಮಯ ಕೊಟ್ಟರೆ ಸಾಕು. ತವರಿನಲ್ಲಿ 0-2 ಸೋತಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಪ್ಯಾರಿಸ್‌ನಲ್ಲಿ 3-1ರಿಂದ ಗೆದ್ದದ್ದು ಒಂದು. ಅಲ್ಲಿ 90+4ನೇ ನಿಮಿಷದಲ್ಲಿ ವಿಎಆರ್ ಕೊಡಿಸಿದ ಪೆನಾಲ್ಟಿಯನ್ನು ರಾಶ್‌ಫರ್ಡ್ ಗೋಲಾಗಿಸಿದಾಗ ಶಿಲ್ಕು ಮೊದಲ ಬಾರಿಗೆ ಯುನೈಟೆಡ್ ಹೆಸರಿಗೆ ಬಂತು. ಇನ್ನೊಂದು ಪೋರ್ಟೊ ಮತ್ತು ರೋಮಾ. ಎರಡೂ ಊರುಗಳಲ್ಲಿ ತೊಂಬತ್ತು ನಿಮಿಷ ಮುಗಿದಾಗ ಆತಿಥೇಯರೇ 2-1 ಮುಂದಿದ್ದದ್ದರಿಂದ ನಿಜಕ್ಕೂ ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯ ಆ ಸೀಸನ್ನಿನ ನಾಕೌಟ್‌ನಲ್ಲಿ ಇದೊಂದೇ. 117ನೇ ನಿಮಿಷದ ಪೆನಾಲ್ಟಿಯಿಂದ ಪೋರ್ಟೊ ದಾಟಿತು. ಸಿಟಿಯು ಶಾಲ್ಕೆಯನ್ನು ಒಟ್ಟು 10-2ರಿಂದ ಬಗ್ಗುಬಡಿದಂಥವುಗಳಿಗೆ ಒಂದೊಂದು ಸಾಲು ಸಾಕು.

ಫೈನಲ್‌ಗೂ ಅಷ್ಟೇ. ಎರಡನೆಯ ನಿಮಿಷದಲ್ಲಿ ಸಲಾಹ್‌ನ ಪೆನಾಲ್ಟಿ, 87ರಲ್ಲಿ ಒರಿಗಿ. ಶಿಲ್ಕು ಒಮ್ಮೆಯೂ ಕೈಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ಇಡೀ ಪುಸ್ತಕದಲ್ಲಿ ಅತ್ಯಂತ ಸಪ್ಪೆ ಪುಟ ಅದೇ.

ಬರೆದು ಮುಗಿಸಿದ ನಂತರ ಪೆನ್ಸಿಲು ಹಿಡಿದು ಇನ್ನೊಂದು ಸುತ್ತು ಬನ್ನಿ. ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್ಎ 2021ರಲ್ಲಿ ತವರಿನಾಚೆಯ ಗೋಲಿನ ನಿಯಮವನ್ನು ತೆಗೆದುಹಾಕಿತು. ಈಗಿನ ನಿಯಮದಂತೆ ಶಿಲ್ಕನ್ನು ತಿದ್ದಿದರೆ ಮೂರು ಕಡೆ, ಅಂದರೆ ಪ್ಯಾರಿಸ್, ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ, ಕೊನೆಯ ಸಾಲು ಹೆಚ್ಚುವರಿ ಸಮಯ ಎಂದಾಗುತ್ತದೆ. ಲಿವರ್‌ಪೂಲ್‌ನ ದಾರಿಯಲ್ಲಿ ಯಾವ ಕೊನೆಯ ಸಾಲೂ ಬದಲಾಗುವುದಿಲ್ಲ. ಇದೇ ರಬ್ಬರನ್ನು ಗುಂಪು ಹಂತದ ಪುಟಕ್ಕೂ ಹಾಕಿದರೆ ಟಾಟೆನ್‌ಹ್ಯಾಮ್ ಅಲ್ಲಿಯೇ ಮುಗಿಯುತ್ತದೆ, ಎರಿಕ್ಸನ್‌ನ ಆ ಒಂದು ಗೋಲಿಗೆ ಬೆಲೆಯೇ ಇರುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಕೂಡಿಸಿ ನೋಡಿದಾಗ ಗುಂಪಿನ ಎಲ್ಲ ಪಂದ್ಯಗಳ ಗೋಲುಗಳ ಅಂತರ ಟಾಟೆನ್‌ಹ್ಯಾಮ್, ಇಂಟರ್ ಎರಡಕ್ಕೂ ಮೈನಸ್ ಒಂದು, ಆದರೆ ಹೊಡೆದ ಗೋಲುಗಳು ಟಾಟೆನ್‌ಹ್ಯಾಮ್‌ನವು ಒಂಬತ್ತು, ಇಂಟರ್‌ನವು ಆರು. ಹಾಗಾಗಿ ಆ ನಿಯಮವಿಲ್ಲದಿದ್ದರೂ ದಾಟುತ್ತಿದ್ದದ್ದು ಟಾಟೆನ್‌ಹ್ಯಾಮೇ. ಆ ಪುಟದ ಅಂಚಿನಲ್ಲಿ ಈಗ ಪೆನ್ಸಿಲಿನಿಂದ 9-6 ಎಂದು ಬರೆದಿಟ್ಟಿದ್ದೇನೆ.