ಮೋಟಾರ್ ಬೋರ್ಡ್‌ನ 5 ವೋಲ್ಟ್ ರಾಸ್ಪ್‌ಬೆರಿ ಪೈಗೆ ಸಾಕಾ? ನನ್ನ ಅನುಭವ

ನಮ್ಮದು ಬದಿಯಡ್ಕದ ಹತ್ತಿರ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದಾಗ ಕೋಳಿ ಬಂತಾ, ಮಳೆಹನಿ ಬಿತ್ತಾ ಅಂತ ಒಳಗೆ ಕೂತೇ ನೋಡಲು ಕ್ಯಾಮೆರಾ ಇರುವ ಪುಟ್ಟ ಗಾಡಿ ಮಾಡಿದೆ. ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್, ಅದು ಹೇಳಿದಂತೆ ಮೋಟಾರ್ ಓಡಿಸುವ ಎಲ್298ಎನ್ ಮೋಟಾರ್ ಬೋರ್ಡ್, ಮತ್ತು ಸಾಲಾಗಿ ಜೋಡಿಸಿದ 3 ಲಿಥಿಯಂ ಸೆಲ್. ಇಷ್ಟೇ ಸಾಮಾನು.

ತಮ್ಮ ಕೇಳಿದ, "ಅಣ್ಣಾ, ಬೋರ್ಡ್‌ನಲ್ಲೇ 5 ವೋಲ್ಟ್ ಉಂಟಲ್ಲ, ಮತ್ತೆ ಪೈಗೆ ಬೇರೆ ಎಂತಕ್ಕೆ?" ಒಳ್ಳೆಯ ಪ್ರಶ್ನೆ. ಪೈ ಜೋಡಿಸುವ ಮೊದಲು ಅಳೆದು ನೋಡಿದೆವು.

ಆ 5 ವೋಲ್ಟ್ ಬರುವುದು ಬೋರ್ಡ್ ಮೇಲಿನ 78ಎಂ05 ಎಂಬ ಸಣ್ಣ ರೆಗ್ಯುಲೇಟರ್‌ನಿಂದ, ಅಂದರೆ ಬ್ಯಾಟರಿ ವೋಲ್ಟೇಜನ್ನು ಇಳಿಸಿ 5ಕ್ಕೆ ನಿಲ್ಲಿಸುವ ಚಿಪ್‌ನಿಂದ. ಅದರ ಮಿತಿ ಅರ್ಧ ಆಂಪಿಯರ್. ಪೈ 3ಕ್ಕೆ 2.5 ಆಂಪಿಯರ್ ಕೊಡುವ ಸಪ್ಲೈ ಇರಬೇಕು ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ನಾವು ಪೈ ಬದಲು 10 ಓಮ್‌ನ, 5 ವ್ಯಾಟಿನ ರೆಸಿಸ್ಟರ್ ಹಾಕಿದೆವು, ಅಂದರೆ ಅರ್ಧ ಆಂಪಿಯರ್ ಲೋಡ್. ಸ್ವಲ್ಪ ಹೊತ್ತಿನಲ್ಲೇ ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿ! ಲೆಕ್ಕ ಸುಲಭ: ಬ್ಯಾಟರಿ 11 ವೋಲ್ಟ್ ಇದ್ದರೆ ಉಳಿದ 6 ವೋಲ್ಟ್ ಅಲ್ಲೇ ಸುಡಬೇಕು, ಅಂದರೆ 3 ವ್ಯಾಟ್ ಬಿಸಿ, ಅದೂ ಉಗುರಿನಷ್ಟು ದೊಡ್ಡ ಚಿಪ್ಪಿನಲ್ಲಿ.

ಹಾಗಾದರೆ 2 ಸೆಲ್ ಸಾಕಲ್ವಾ ಅಂತ ಅನಿಸಬಹುದು. ಬಿಸಿ ಕಮ್ಮಿಯಾಗುತ್ತದೆ, ನಿಜ. ಆದರೆ ಈ ರೆಗ್ಯುಲೇಟರಿಗೆ ಒಳಗೆ ಸುಮಾರು 7 ವೋಲ್ಟ್ ಬೇಕು, ಮತ್ತು ಮೋಟಾರ್ ಹೊರಡುವ ಕ್ಷಣಕ್ಕೆ ಜಾಸ್ತಿ ಕರೆಂಟ್ ಎಳೆದು ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಆಗ 5 ವೋಲ್ಟ್ ಕೂಡ ಕುಸಿದು ಪೈ ರೀಸ್ಟಾರ್ಟ್ ಆಗುತ್ತದೆ, ಮೆಮೊರಿ ಕಾರ್ಡ್ ಹಾಳಾಗುವುದೂ ಇದೆ. ನನಗೆ ಅದು ಬೇಡವೇ ಬೇಡ.

ಕೊನೆಗೆ ಹೀಗೆ ಮಾಡಿದೆ. ಬ್ಯಾಟರಿಯಿಂದ ಎರಡು ಬೇರೆ ದಾರಿ: ಒಂದು ಮೋಟಾರ್ ಬೋರ್ಡಿಗೆ, ಇನ್ನೊಂದು 5 ಆಂಪಿಯರ್‌ನ ಬಕ್ ಕನ್ವರ್ಟರಿಗೆ, ಅದೂ ವೋಲ್ಟೇಜ್ ಇಳಿಸುವುದೇ, ಆದರೆ ಅಷ್ಟು ಬಿಸಿಯಾಗದೆ. ಪೈ ಸಿಕ್ಕಿಸುವ ಮೊದಲೇ ಮಲ್ಟಿಮೀಟರ್ ಇಟ್ಟು ಅದರ ಸ್ಕ್ರೂ ತಿರುಗಿಸಿ 5.1 ವೋಲ್ಟಿಗೆ ನಿಲ್ಲಿಸಿದೆ. ಅಲ್ಲಿಂದ ಪೈಯ 2ನೇ ಪಿನ್ನಿಗೆ ಪ್ಲಸ್, 6ನೇ ಪಿನ್ನಿಗೆ ಗ್ರೌಂಡ್. ಈ ಪಿನ್ನುಗಳಿಂದ ಕೊಟ್ಟ ಕರೆಂಟ್ ಪೈ ಒಳಗಿನ ಫ್ಯೂಸ್ ಮೂಲಕ ಹೋಗುವುದಿಲ್ಲ, ಹಾಗಾಗಿ ದಾರಿಯಲ್ಲಿ ಸ್ವಂತ ಫ್ಯೂಸ್ ಹಾಕಲೇಬೇಕು. ಪ್ಲಸ್-ಮೈನಸ್ ಅದಲು ಬದಲಾದರೆ ಪೈ ಹೋಯಿತು ಅಂತಲೇ ಲೆಕ್ಕ, ಎರಡೆರಡು ಸಲ ನೋಡಿ.

3 ಸೆಲ್ ಫುಲ್ ಚಾರ್ಜ್ ಆದರೆ 12.6 ವೋಲ್ಟ್. ಈ ಬೋರ್ಡಿನಲ್ಲಿ 12 ದಾಟಿದರೆ ರೆಗ್ಯುಲೇಟರ್ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೊಪ್ಪಿ) ತೆಗೆಯಬೇಕು. ತೆಗೆದೆ. ಆಗ ಅದೇ 5 ವೋಲ್ಟ್ ಟರ್ಮಿನಲ್ ಹೊರಗೆ ಕೊಡುವ ಬದಲು ಒಳಗೆ ಕೇಳುತ್ತದೆ. ಬಕ್‌ನಿಂದಲೇ ಒಂದು ವೈರ್ ಅಲ್ಲಿಗೂ ಕೊಟ್ಟೆ. ಜಂಪರ್ ಇಟ್ಟುಕೊಂಡೇ ಹಾಗೆ ಕೊಡಬೇಡಿ, ಎರಡು ಸಪ್ಲೈ ಒಂದಕ್ಕೊಂದು ನೂಕಾಡುತ್ತವೆ. ಎಲ್ಲ ಗ್ರೌಂಡ್ ಒಟ್ಟಿಗೆ ಸೇರಿರಬೇಕು, ಇಲ್ಲದಿದ್ದರೆ ಪೈ ಕೊಡುವ ಸಿಗ್ನಲ್ ಬೋರ್ಡಿಗೆ ಸರಿಯಾಗಿ ತಿಳಿಯುವುದಿಲ್ಲ.

ಈಗ ನಾಲ್ಕೂ ಮೋಟಾರ್ ಒಟ್ಟಿಗೆ ಹಿಂದೆ-ಮುಂದೆ ಓಡಿಸಿ, ವೋಲ್ಟೇಜ್ ಕುಸಿದಿತ್ತಾ ಅಂತ ಪೈಯನ್ನೇ ಕೇಳುತ್ತೇನೆ. ಅದಕ್ಕೆ ಗೆಟ್ ಥ್ರಾಟಲ್ಡ್ ಅನ್ನುವ ಕಮಾಂಡ್ ಇದೆ. ಉತ್ತರ ಸೊನ್ನೆ ಬರುತ್ತಿದೆ, ಅಂದರೆ ಕುಸಿದಿಲ್ಲ.